ಮೂಲೆ ಸೀಟಿನ ಅಭಿಮಾನಿ

ಸಿನಿಮಾ ಹೇಗಿದೆ ಎಂದು ತಿಳಿಯಬೇಕಾದರೆ ಸೀಟು ಹೊಲಿಯುವವಳನ್ನು ಕೇಳಬೇಕು. ಪರದೆಯ ಕಡೆ ತಿರುಗಿಯೂ ನೋಡದೆ ಹೇಳಿಬಿಡುತ್ತಾಳೆ.

ಬೇಸರ ಬಂದ ಮನುಷ್ಯನ ಬೆರಳು ಸುಮ್ಮನಿರುವುದಿಲ್ಲ. ಹೊಲಿಗೆಯಲ್ಲಿ ಒಂದು ಎಳೆ ಸಿಕ್ಕರೆ ಎಳೆಯುತ್ತದೆ, ರೆಕ್ಸಿನ್‌ನಲ್ಲಿ ಒಂದು ತೂತು ಸಿಕ್ಕರೆ ಒಳಗಿನ ಸ್ಪಂಜು ಚಿವುಟುತ್ತದೆ. ಅದೇ ಮನಸ್ಸು ಕಥೆಯೊಳಗೆ ಹೋಯಿತೋ, ಬೆರಳು ಸೀಟಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆ ಕುಂಗ್‌ಫು ಸಿನಿಮಾದ ಮೊದಲನೇ ಭಾಗ ಓಡಿದಾಗ ಸಾಲುಸಾಲಿಗೆ ಸೀಟಿನ ಕೈಗಳೇ ಸವೆದು ಹೋಗಿದ್ದವು. ಎರಡನೇ ಭಾಗ ಬಂತು. ಬಂದ ವಾರದಲ್ಲೇ ಅವಳು ಗುಡಿಸಿದ ಸ್ಪಂಜು ಒಂದು ಹಾಸಿಗೆಗೆ ಸಾಕಾಗುವಷ್ಟಿತ್ತು.

ಟಾಕೀಸಿನಲ್ಲಿ ಎಲ್ಲರೂ ಅವಳನ್ನು ಸೀಟಕ್ಕ ಎನ್ನುತ್ತಿದ್ದರು. ಅವಳ ಗಂಡ ಅಲ್ಲೇ ಪ್ರೊಜೆಕ್ಟರ್ ಆಪರೇಟರ್ ಆಗಿದ್ದ. ಒಳ್ಳೆಯವನು, ನಗಿಸುವವನು. ಜ್ವರವೊಂದು ನೆಪವಾಗಿ ಹೊರಟುಹೋಗಿ ಬಹಳ ವರ್ಷವಾಗಿತ್ತು. ಅವನ ತಾಯಿ ಟಿಕೆಟ್ ಕಿಟಕಿಯಲ್ಲಿ ಕೂರುವವಳು. ಅತ್ತೆ ಸೊಸೆ ಜಗಳವಾಡದ ದಿನವಿರಲಿಲ್ಲ. ಒಬ್ಬರನ್ನು ಬಿಟ್ಟು ಒಬ್ಬರು ಉಂಡ ದಿನವೂ ಇರಲಿಲ್ಲ.

ಶೋ ಬಿಟ್ಟಾಗ ಅತ್ತೆ ಕಿಟಕಿ ಮುಚ್ಚಿ ಹೊರಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಬಾಗಿಲಿನಿಂದ ಮೆಟ್ಟಿಲಿನವರೆಗೆ ಜನ ನಿಜ ಹೇಳುತ್ತಾರೆ, ರಸ್ತೆಗಿಳಿದ ಮೇಲೆ ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ ಎಂಬುದು ಅವಳು ಕಂಡುಕೊಂಡ ಮಾತು.

“ಹೇಗಿತ್ತಪ್ಪಾ?”

“ಇಂಟರ್‌ವಲ್ ಚೆನ್ನಾಗಿತ್ತಜ್ಜಿ.”

“ಹೀರೋ ಒಂದ್ಸಲ ಮೇಲಕ್ಕೆ ಹಾರಿದ. ನಾನು ಹೊರಗೆ ಹೋಗಿ ಮುಖ ತೊಳ್ಕೊಂಡು ಬಂದೆ. ಇನ್ನೂ ಮೇಲೇ ಇದ್ದ,” ಎಂದ ಎದುರಿನ ಕ್ಷೌರದಂಗಡಿಯವನು.

“ಮೊದಲನೇದ್ರಲ್ಲಿ ಯಾರಿಗೇಟು ಬಿದ್ರೂ ನನಗೆ ನೋವಾಗ್ತಿತ್ತು. ಇದ್ರಲ್ಲಿ ಏಟು ತಿಂದವನಿಗೇ ನೋವಾಗಲ್ಲ,” ಎಂದಳು ಶಾಲೆಯ ಟೀಚರ್.

“ಆ ವಿಲನ್ ಅಷ್ಟು ಭಾಷಣ ಮಾಡೋ ಬದಲು ಶುರುವಲ್ಲೇ ಸೋತುಬಿಟ್ಟಿದ್ರೆ ಎಲ್ರೂ ಬೇಗ ಮನೆ ಸೇರ್ತಿದ್ವಿ.”

ಹೀಗೆ ಊರೆಲ್ಲ ಒಂದೇ ರಾಗ ಹಾಡುತ್ತಿರುವಾಗ, ಒಂದು ಬೆಳಿಗ್ಗೆ ಸೀಟಕ್ಕನ ಕಣ್ಣಿಗೆ ಹಿಂದಿನ ಸಾಲಿನ ಮೂಲೆ ಸೀಟು ಬಿತ್ತು. ಅಲ್ಲಿ ಒಂದು ಚೂರು ಸ್ಪಂಜೂ ಉದುರಿರಲಿಲ್ಲ. ಆದರೆ ಸೀಟಿನ ಎರಡೂ ಕೈಗಳ ರೆಕ್ಸಿನ್ ಬೆರಳು ಒತ್ತಿದ ಕಡೆ ಸೀಳಿತ್ತು. ಹೊಲಿದಳು. ಮರುದಿನ ಮತ್ತೆ ಸೀಳಿತ್ತು. ಅದರ ಮರುದಿನವೂ.

“ಅತ್ತೆ, ಈ ಸಿನಿಮಾನ ಪ್ರಾಣ ಕೊಟ್ಟು ನೋಡೋನು ಒಬ್ಬ ಇದಾನೆ.”

“ಹುಚ್ಚನಿರಬೇಕು,” ಎಂದಳು ಅತ್ತೆ. “ಇಲ್ಲ ಪ್ರೊಡ್ಯೂಸರ್ ಬಾವಮೈದುನ ಇರಬೇಕು.”

ಹುಚ್ಚನೋ ಬಾವಮೈದುನನೋ ನೋಡಿಯೇಬಿಡೋಣ ಎಂದು ಅವಳು ಮಾರನೆಯ ದಿನ ಮಾರ್ನಿಂಗ್ ಶೋಗೆ ಮುಂಚೆ ಅದೇ ಸಾಲಿನಲ್ಲಿ ಕೆಲಸ ಹಿಡಿದು ಕೂತಳು. ಬಂದವನು ಎಲ್ಲರಿಗಿಂತ ಮೊದಲೇ ಬಂದ. ಅಗಲ ಭುಜ, ಕಿವಿಯ ಪಕ್ಕ ನರೆ, ಹೆಜ್ಜೆ ಮಾತ್ರ ಬೆಕ್ಕಿನದು. ಮೂಲೆಗೆ ಬಂದವನು ಹೊಸ ಹೊಲಿಗೆ ನೋಡಿ, ಕದ್ದು ಸಿಕ್ಕಿಬಿದ್ದವನಂತೆ ನಿಂತ.

“ನೀವೇನಾ ಇದನ್ನ ಹರಿಯೋದು?”

ಅವನು ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡ. “ಹೌದು ಅನ್ಸುತ್ತೆ. ಗೊತ್ತಾಗದೆ ಆಗಿದೆ.”

“ಗೊತ್ತಾಗದೆ ಆಗೋದೇ ನಿಜವಾದ ಪ್ರೀತಿ ಬಿಡಿ. ಈ ಊರಲ್ಲಿ ಈ ಸಿನಿಮಾ ಇಷ್ಟ ಪಟ್ಟವರು ನೀವೊಬ್ರೇ. ನಿಮ್ಮನ್ನ ಗಾಜಿನ ಪೆಟ್ಟಿಗೇಲಿ ಇಡಬೇಕು.”

ಅವನ ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಇನ್ನೊಂದು ಕೊನೆ ನಗಲೋ ಬೇಡವೋ ಎಂದು ಯೋಚಿಸುತ್ತಿತ್ತು. ಅದನ್ನು ಅವಳು ಗಮನಿಸಿದಳು. ಗಮನಿಸಿದ್ದನ್ನು ಅವನೂ ಗಮನಿಸಿದ.

“ಜನ ಏನಂತಾರೆ?” ಎಂದು ಕೇಳಿದ.

ಕೇಳಬಾರದಿತ್ತು. ಅತ್ತೆ ಬಾಗಿಲಲ್ಲಿ ಕೂಡಿಹಾಕಿದ್ದನ್ನೆಲ್ಲ ಅವಳು ಧ್ವನಿ ಸಮೇತ ಮಾಡಿ ತೋರಿಸಿದಳು. ಮುಖ ತೊಳೆದು ಬಂದವನನ್ನು, ಟೀಚರನ್ನು, ಎಲ್ಲರನ್ನೂ. ಅವನು ಮೊದಲು ಬಗ್ಗಿಕೊಂಡು ಕೇಳಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ಆ ನಗು ಕಂಡು ಅವಳಿಗೆ ಹುರುಪು ಬಂತು.

“ನನ್ನ ಕೇಳಿದ್ರೆ, ಈ ಫೈಟ್ ಮಾಡಿಸಿದಾನಲ್ಲ ಮಹಾನುಭಾವ, ಅವನನ್ನ ಹೀರೋನ ಹಾರಿಸಿದ ತಂತಿಗೇ ಕಟ್ಟಿ ಒಂದಿನ ನೇತುಹಾಕಬೇಕು.”

“ಒಂದಿನ ಸಾಕಾ?” ಎಂದ ಅವನು.

ಅಂದಿನಿಂದ ದಿನವೂ ಶೋಗೆ ಬಹಳ ಮುಂಚೆಯೇ ಬರತೊಡಗಿದ. ಒರಗುವ ಬೆನ್ನು ಹೊಲಿಯುವುದು ಒಬ್ಬರ ಕೆಲಸವಲ್ಲ. ಎರಡೂ ತುದಿ ಚೂಪಾದ ಉದ್ದ ಸೂಜಿಯನ್ನು ಮುಂದೆ ಕೂತವರು ಒಳಗೆ ತಳ್ಳಬೇಕು, ಹಿಂದೆ ಕೂತವರು ಎಳೆದುಕೊಂಡು ಒಂದಿಷ್ಟು ಬಿಟ್ಟು ವಾಪಸ್ ತಳ್ಳಬೇಕು. ನಡುವೆ ಸೀಟು, ಒಬ್ಬರ ಮುಖ ಒಬ್ಬರಿಗೆ ಕಾಣದು. ಮೊದಲು ಹಿಂದೆ ಕೂರುತ್ತಿದ್ದವನು ಅವಳ ಗಂಡ. ಆಮೇಲೆ ಅತ್ತೆ, ಗೊಣಗಿಕೊಂಡು. ಈಗ, “ನಾನು ಕೂರಲಾ?” ಎಂದು ಕೇಳಿ, ಉತ್ತರ ಬರುವ ಮೊದಲೇ ಅವನು ಸೀಟಿನ ಹಿಂದೆ ಹೋಗಿ ಕೂತಿದ್ದ.

“ಎಡಕ್ಕೆ ತಳ್ಳಿ. ಎಡಕ್ಕೆ. ನಿಮ್ಮೆಡ ಅಲ್ಲ, ನನ್ನೆಡ.”

“ನಿಮ್ಮೆಡ ನನಗೆ ಕಾಣಲ್ಲ.”

“ಕಾಣದಿದ್ರೇನು, ಅಂದಾಜಿಲ್ವಾ?”

“ಅಂದಾಜು ಮಾಡಿದ್ರೆ ತಪ್ಪಾಗುತ್ತೆ ಅಂತ ಭಯ.”

ಸೂಜಿ ಸೊಟ್ಟಗೆ ಬಂತು. ಅವಳು ಬೇಕೆಂದೇ ನಿಧಾನವಾಗಿ ಎಳೆದಳು. ಸ್ಪಂಜಿನ ಆಚೆ ದಾರ ಹಿಡಿದಿದ್ದ ಬೆರಳು ಬಿಡಲಿಲ್ಲ. ದಾರ ಬಿಗಿಯಾಗಿ ನಿಂತಿತು. ಇಬ್ಬರೂ ಎಳೆಯಲಿಲ್ಲ, ಇಬ್ಬರೂ ಬಿಡಲಿಲ್ಲ. ಕೊನೆಗೆ ಅವನ ತಲೆ ಸೀಟಿನ ಮೇಲಿಂದ ಮೆಲ್ಲಗೆ ಎದ್ದಿತು, ಮೊದಲು ಕೂದಲು, ಆಮೇಲೆ ಹುಬ್ಬು, ಆಮೇಲೆ ಕಣ್ಣು. ಕಣ್ಣು ಅಲ್ಲೇ ನಿಂತಿತು.

“ಏನು?” ಎಂದಳು.

“ಏನಿಲ್ಲ. ಎಡ ಯಾವುದು ಅಂತ ನೋಡ್ದೆ.”

ಅವಳ ಕಿವಿ ಬಿಸಿಯಾಯಿತು. ಟಿಕೆಟ್ ಕಿಟಕಿಯ ಕಡೆಯಿಂದ ಅತ್ತೆ ಕೆಮ್ಮಿದಳು. ಆ ಕೆಮ್ಮಿಗೂ ನೆಗಡಿಗೂ ಸಂಬಂಧವಿರಲಿಲ್ಲ.

ಗುರುವಾರ ಕೊನೆಯ ಶೋ, ಶುಕ್ರವಾರದಿಂದ ಬೇರೆ ಸಿನಿಮಾ ಎಂದು ಬೋರ್ಡು ಬಿತ್ತು. ಅವನು ಲಾಡ್ಜಿನಲ್ಲಿ ಇಳಿದುಕೊಂಡಿದ್ದವನು. ಸಿನಿಮಾ ಹೋದರೆ ಅವನೂ ಹೋಗುತ್ತಾನೆ. ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಊರೆಲ್ಲ ಬೈಯುವ ಸಿನಿಮಾ ಇನ್ನೊಂದು ವಾರ ಓಡಲಿ ಎಂದು ಒಳಗೊಳಗೇ ಬಯಸಿದಳು.

ಬುಧವಾರ ಶೋ ಬಿಟ್ಟಾಗ ಕ್ಷೌರದಂಗಡಿಯವನು ಅವನನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದ.

“ಸರ್, ನೀವು ಫೈಟ್ ಮಾಸ್ಟರ್ ಅಲ್ವಾ? ಮೊದಲನೇ ಭಾಗ ಬಂದಾಗ ಪೇಪರಲ್ಲಿ ಬಂದಿದ್ದ ನಿಮ್ಮ ಫೋಟೋನ ನಾನು ಕನ್ನಡಿ ಪಕ್ಕ ಅಂಟಿಸಿದೀನಿ. ದಿನಾ ನಿಮ್ಮ ಮುಖ ನೋಡ್ಕೊಂಡೇ ಕತ್ತರಿ ಹಿಡಿಯೋದು.” ಆಮೇಲೆ ಧ್ವನಿ ತಗ್ಗಿಸಿ, ಕಾಯಿಲೆಯವರ ಮನೆಯಲ್ಲಿ ಕೇಳುವಂತೆ ಕೇಳಿದ, “ಎರಡನೇದಕ್ಕೆ ಏನಾಯ್ತು ಸರ್?”

ಸೀಟಕ್ಕ ಬಾಗಿಲಲ್ಲೇ ಪೊರಕೆ ಹಿಡಿದು ನಿಂತಿದ್ದಳು. ಅವನು ತಿರುಗಿದ. ಇಬ್ಬರ ಕಣ್ಣೂ ಸೇರಿದವು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮನೆಯಲ್ಲಿ ಅತ್ತೆಯ ಮುಂದೆ ಸಿಟ್ಟೆಲ್ಲ ಹೊರಬಂತು. “ನಾನು ಅವನ ಮುಂದೆ ಅವನನ್ನೇ ನೇತುಹಾಕಿದೆ. ಕೂತ್ಕೊಂಡು ಕೇಳಿ ಮಜಾ ತಗೊಂಡ.”

“ನಿನ್ನ ಬಾಯಿಗೆ ಬೀಗ ಇಲ್ಲ ಅಂತ ಗೊತ್ತಾದ ಮೇಲೂ ಪಾಪ ದಿನಾ ಆ ಸೀಟಿನ ಹಿಂದೆ ಬಂದು ಕೂತನಲ್ಲ.” ಅತ್ತೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. “ಸಿಟ್ಟು ಅದಕ್ಕೇನಾ, ಇಲ್ಲ ನಾಳೆ ಗುರುವಾರ ಅಂತಾನಾ?”

ಸೊಸೆ ಮೊರದಿಂದ ಒಂದು ಕಲ್ಲು ಹೆಕ್ಕಿ ಬಿಸಾಡಿದಳು. ಆಮೇಲೆ, “ಎರಡನೇ ಭಾಗ ಯಾವುದೂ ಚೆನ್ನಾಗಿರಲ್ಲ ಅತ್ತೆ. ಊರಿಗೂರೇ ಹೇಳ್ತಿದೆ,” ಎಂದಳು.

ಅತ್ತೆಯ ಕೈ ಮೊರದಲ್ಲೇ ನಿಂತಿತು. ಸೊಸೆ ಸಿನಿಮಾದ ಮಾತಾಡುತ್ತಿಲ್ಲ ಎಂದು ತಿಳಿಯಲು ಆ ಮುದುಕಿಗೆ ಹೊತ್ತು ಬೇಕಾಗಲಿಲ್ಲ. “ನನ್ನ ಮಗನ ಕಥೆ ನಿನ್ನ ಜೊತೆ ಚೆನ್ನಾಗಿತ್ತು. ಅದನ್ನ ಯಾರೂ ಕಿತ್ಕೊಳಲ್ಲ,” ಎಂದಳು. “ಆದ್ರೆ ಒಂದೂಟ ರುಚಿಯಾಗಿತ್ತು ಅಂತ ಯಾರೂ ಜೀವಮಾನವೆಲ್ಲ ಉಪವಾಸ ಕೂರಲ್ಲ ಕಣೇ. ಆ ಹಿಂದಿನ ಸೀಟಲ್ಲಿ ಇನ್ನು ನಾನಂತೂ ಕೂರೋಳಲ್ಲ.”

ಗುರುವಾರ ಬೆಳಿಗ್ಗೆ ಅವನು ಬಂದ. ಅವಳು ಮೂಲೆ ಸೀಟಿನ ಮುಂದೆ ಕೂತಿದ್ದಳು, ಬಗ್ಗಿಸಿದ ತಲೆ ಎತ್ತಲಿಲ್ಲ. ಅವನು ಏನೂ ಕೇಳದೆ ಹಿಂದೆ ಹೋಗಿ ಕೂತ. ಸೂಜಿ ಹೋಯಿತು, ಬಂತು.

“ಹೇಳಬಹುದಿತ್ತು,” ಎಂದಳು.

“ಹೇಳಿದ್ರೆ ನೀವು ಚೆನ್ನಾಗಿದೆ ಅಂತಿದ್ರಿ. ಚೆನ್ನಾಗಿದೆ ಅಂತ ಹೇಳೋರು ಸಿನಿಮಾದವರಲ್ಲಿ ಬೇಕಾದಷ್ಟು ಜನ ಇದಾರೆ. ನಿಜ ಕೇಳಬೇಕು ಅಂತ ಇಲ್ಲಿಗೆ ಬಂದೆ. ಮೊದಲನೇದು ಎಲ್ಲಕ್ಕಿಂತ ಜಾಸ್ತಿ ಓಡಿದ್ದು ಈ ಟಾಕೀಸಲ್ಲಿ.”

“ಹಾಗಾದ್ರೆ ಈ ಸೀಟನ್ನ ಯಾಕೆ ಹರಿದ್ರಿ? ಇಷ್ಟ ಅಂತ ತಾನೇ ಹಿಡ್ಕೊಳೋದು?”

“ಭಯಕ್ಕೂ ಹಿಡ್ಕೋತಾರೆ,” ಎಂದ. “ಪ್ರತಿ ಫೈಟ್ ಬಂದಾಗಲೂ, ಈಗ ನಗ್ತಾರೆ, ಈಗ ಎದ್ದು ಹೋಗ್ತಾರೆ ಅಂತ.”

ಅವಳ ಕೈ ನಿಂತಿತು. ಇಷ್ಟು ವರ್ಷ ಸೀಟು ಓದಿದವಳು ಇದನ್ನು ಪೂರಾ ತಪ್ಪು ಓದಿದ್ದಳು. ಆ ಸೀಳುಗಳ ಮೇಲೆ ತಾನೇ ದಿನವೂ ನಗುನಗುತ್ತಾ ಹೊಲಿಗೆ ಹಾಕಿದ್ದು ನೆನಪಾಗಿ, ಸೀಟಿನ ಕೈಯನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

“ನೋವಾಗ್ಲಿಲ್ವಾ, ನಾನಂದದ್ದಕ್ಕೆ?”

“ಆಯ್ತು. ಆದ್ರೆ ನೀವು ಮಾಡಿ ತೋರಿಸಿದಾಗ ನಗು ಬಂತು. ಆ ಸಿನಿಮಾದಿಂದ ನನಗೆ ಸಿಕ್ಕಿದ ಒಂದೇ ನಗು ಅದು.” ಸೂಜಿ ಈ ಕಡೆಗೆ ಬಂತು. “ಮೊದಲನೇದ್ರಲ್ಲಿ ಏನು ಚೆನ್ನಾಗಿತ್ತೋ ಅದನ್ನೇ ಮತ್ತೆ ಮಾಡು, ಎರಡರಷ್ಟು ಎತ್ತರಕ್ಕೆ ಮಾಡು ಅಂದ್ರು ಪ್ರೊಡ್ಯೂಸರ್. ನಾನು ಹೂಂ ಅಂದೆ. ಅಲ್ಲೇ ಕೆಟ್ಟಿದ್ದು. ಈಗ ಮೂರನೇದಕ್ಕೆ ಕರೀತಿದಾರೆ. ಮಧ್ಯಾಹ್ನದ ಬಸ್ಸಿಗೆ ಹೋಗಿ ಉತ್ತರ ಹೇಳಬೇಕು.”

ಅವಳಿಗೆ ಗೊತ್ತಿದ್ದ ಸಂಗತಿಯೇ. ಆದರೂ ಮಧ್ಯಾಹ್ನದ ಬಸ್ಸು ಎಂಬ ಮಾತು ಎದೆಗೆ ನೇರವಾಗಿ ಬಂದು ತಾಗಿತು.

“ಮಾಡಿ,” ಎಂದಳು. “ಆದ್ರೆ ಯಾರೂ ಹಾರೋದು ಬೇಡ. ಬಿದ್ರೆ ನೋವಾಗೋ ಹಾಗೆ ಮಾಡಿ.”

“ಮಾಡ್ತೀನಿ. ಇನ್ನೊಂದು ಕೇಳಲಾ?”

“ಕೇಳಿ.”

“ಈ ಸೀಟಿನ ಹಿಂದೆ ನಿಮ್ಮ ಯಜಮಾನ್ರು ಕೂರ್ತಿದ್ರಂತೆ. ಅಜ್ಜಿ ಹೇಳಿದ್ರು. ಅವರು ತಳ್ಳಿದ ಸೂಜಿ ಗೆರೆ ಎಳೆದ ಹಾಗೆ ನೇರ ಬರ್ತಿತ್ತಂತೆ. ನನಗೆ ಹಾಗೆ ಬರಲ್ಲ. ಕಲೀತೀನಿ ಅಂತ ಸುಳ್ಳೂ ಹೇಳಲ್ಲ. ನಾನು ಅವರ ಹಾಗೆ ಆಗೋಕೆ ಹೋದ್ರೆ, ಗೊತ್ತಲ್ಲ, ತಂತಿ ಕಟ್ಟಿ ಹಾರಿದ ಹಾಗೇ ಆಗುತ್ತೆ.” ಅವನ ಧ್ವನಿ ಸ್ಪಂಜಿನೊಳಗಿಂದ ಬಂದಂತೆ ಮೆತ್ತಗಿತ್ತು. “ಸೊಟ್ಟ ತಳ್ಳೋನು ನಿಮಗೆ ಆಗ್ತಾನಾ?”

ಹೊರಗೆ ಹಳೆಯ ಪೋಸ್ಟರ್ ಕೀಳುವ ಸದ್ದು ಕೇಳಿಸುತ್ತಿತ್ತು. ಅವಳು ತಾನು ಹೊಲಿದ ಸೀಟಿನ ಬೆನ್ನನ್ನು ನೋಡಿದಳು. ಈ ವಾರದ ಹೊಲಿಗೆಯೆಲ್ಲ ಅಂಕುಡೊಂಕು. ಬೇರೆ ಯಾರದಾದರೂ ಆಗಿದ್ದರೆ ಅವಳು ಅಂದೇ ಬಿಚ್ಚಿ ಹಾಕಿ ಮತ್ತೆ ಹೊಲಿಯುತ್ತಿದ್ದಳು. ಒಂದನ್ನೂ ಬಿಚ್ಚಿರಲಿಲ್ಲ. ಯಾಕೆ ಬಿಚ್ಚಲಿಲ್ಲ ಎಂದು ಈಗಷ್ಟೇ ಅವಳಿಗೆ ತಿಳಿಯಿತು.

ಎದ್ದು ನಿಂತು, ಸೀಟಿನ ಮೇಲಿಂದ ಬಗ್ಗಿ ನೋಡಿದಳು. ನೂರು ಜನರನ್ನು ಬೀಳಿಸಿ ಎಬ್ಬಿಸಿದ ಮನುಷ್ಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ದಾರ ಕೈಗೆ ಸುತ್ತಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ ಕೂತಿದ್ದ.

“ಆಗ್ತಾರೆ,” ಎಂದಳು. ಆಮೇಲೆ, ಬಾಯಿಗೆ ಬೀಗವಿಲ್ಲದವಳಾದ್ದರಿಂದ, “ನನಗೂ ಭಯ ಇದೆ. ನೀವೊಬ್ರೇ ಅಂದ್ಕೋಬೇಡಿ. ಆದ್ರೂ ಆಗ್ತಾರೆ,” ಎಂದಳು.

ಈ ಸಲ ಅವನ ತುಟಿಯ ಎರಡೂ ಕೊನೆ ಒಟ್ಟಿಗೇ ನಕ್ಕವು.

ಅತ್ತೆ ಬಾಗಿಲಲ್ಲಿ ನಿಂತು ಎಷ್ಟು ಕೇಳಿಸಿಕೊಂಡಿದ್ದಳೋ ದೇವರಿಗೇ ಗೊತ್ತು. “ಮಾಸ್ಟರೇ, ಮಧ್ಯಾಹ್ನದ ಬಸ್ಸಿಗೆ ಹೋಗಿ ಬರೋರು ಉಂಡ್ಕೊಂಡು ಹೋಗಿ. ಅಡುಗೆ ಮೂರು ಜನಕ್ಕಾಗಿದೆ,” ಎಂದಳು.

“ಮೂರು ಜನಕ್ಕೆ ಅಂತ ಮೊದಲೇ ಹೇಗೆ ಗೊತ್ತಿತ್ತಜ್ಜಿ?”

“ಕಿಟಕೀಲಿ ಕೂತೋಳಿಗೆ ಯಾರು ಒಬ್ರೇ ಬಂದೋರು, ಯಾರು ಜೊತೇಲಿ ಹೋಗೋರು ಅಂತ ಗೊತ್ತಾಗಲ್ವಾ? ನಡೀರಿ. ಆ ವಿಲನ್ ಮಾತು ಕಮ್ಮಿ ಮಾಡ್ಸೋದೊಂದು ಮರೀಬೇಡಿ.”

ಮನೆಗೆ ಹೋಗುವ ಗಲ್ಲಿ ಕಿರಿದು. ಇಬ್ಬರು ಸರಿ, ಮೂವರು ಒಟ್ಟಿಗೆ ನಡೆಯಲಾಗದು. ಮಂಡಿ ನೋವೆಂದು ದಿನವೂ ಸೊಸೆಯ ತೋಳು ಹಿಡಿದು, ಗೋಡೆಗೋಡೆಗೂ ನಿಂತು ಸಾಗುತ್ತಿದ್ದ ಮುದುಕಿ ಅಂದು ಸೆರಗು ಸಿಕ್ಕಿಸಿಕೊಂಡು ಮುಂದೆ ಹೊರಟುಬಿಟ್ಟಳು. ತಿರುಗಿ ನೋಡಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಹಿಂದೆ ಉಳಿದ ಇಬ್ಬರೂ, ಅವಳನ್ನು ಹಿಡಿಯುವ ಆತುರವಿಲ್ಲದೆ, ಮೆಲ್ಲಮೆಲ್ಲಗೆ ನಡೆದರು.