ನಳಿಗೆಯ ಮೇಲಿನ ಬಾತುಕೋಳಿ

೧೯೨೬ರ ನವೆಂಬರ್ ೨೦, ಶನಿವಾರ ಬೆಳಗ್ಗೆ ೮.೧೦ಕ್ಕೆ ಮಾಜಿ ಫಿರಂಗಿ ಸೈನಿಕರ ಸಂಘದ ಕಾರ್ಯದರ್ಶಿ ಪ್ಲೋಗರ್, ಲಿಂಡೆನ್‌ಬೆಕ್ ಊರಿನ ಪೊಲೀಸ್ ಠಾಣೆಗೆ ದೂರು ತಂದರು. ೧೯೧೭ರಲ್ಲಿ ಇಪ್ಪತ್ತೊಂದು ಸೆಂಟಿಮೀಟರ್ ಬಾಯಿಯ ಫಿರಂಗಿಯೊಂದು ಸಿಡಿದು, ಅದನ್ನು ಹಾರಿಸುತ್ತಿದ್ದ ಇದೇ ಊರಿನ ಐವರು ಸತ್ತಿದ್ದರು. ಅದರ ನಳಿಗೆಯ ತುಂಡನ್ನು ಸಂಘ ಗುರುವಾರವಷ್ಟೇ ತರಿಸಿತ್ತು. ಸತ್ತವರನ್ನು ನೆನೆಯುವ ಭಾನುವಾರ, ಅಂದರೆ ಮರುದಿನವೇ, ಅದನ್ನು ಅನಾವರಣ ಮಾಡಬೇಕಿತ್ತು. ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಯಾರೋ ಅದನ್ನು ಅರದಿಂದ ಉಜ್ಜಿ ಸವೆಸಿದ್ದರು.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ವೆಸ್ಲಿಂಗ್ ಸಂಘದ ಸಭಾಂಗಣದಲ್ಲಿ ಪಂಚನಾಮೆ ನಡೆಸಿದರು. ಮೃತರ ತಾಯಂದಿರು ಹೊಲಿದಿದ್ದ ಕಪ್ಪು ಮುಸುಕನ್ನು ಬಿಚ್ಚಿ, ಮತ್ತೆ ನೀಟಾಗಿ ಕಟ್ಟಲಾಗಿತ್ತು. ನಳಿಗೆಯಲ್ಲಿ ಸವೆದಿದ್ದದ್ದು ಹೆಬ್ಬೆರಳಗಲ ಮಾತ್ರ.

"ಇವನಿಗಿಂತ ಇಲಿನೇ ಜಾಸ್ತಿ ಕಡಿಯುತ್ತೆ ಸಾರ್," ಎಂದ ಕಾನ್‌ಸ್ಟೆಬಲ್ ಕುಲ್ಮನ್.

"ಆ ಜಾಗದಲ್ಲಿ ಏನಿತ್ತು?"

ಪ್ಲೋಗರ್ ಗುರುವಾರ ತೆಗೆದ ಫೋಟೋ ತೋರಿಸಿದರು. ಅಲ್ಲಿ ಪುಟ್ಟ ಬಾತುಕೋಳಿಯ ಮುದ್ರೆಯಿತ್ತು. ನಳಿಗೆ ತಯಾರಿಸಿದ್ದ ಕಾರ್ಖಾನೆ ಈಗ ಹಾಲಿನ ಕ್ಯಾನು ಮಾಡುತ್ತಿತ್ತು. ಯುದ್ಧದ ಕಾಲದಲ್ಲಿ ಅಲ್ಲಿ ಪ್ರತಿ ಪರೀಕ್ಷಕನಿಗೂ ಅವನದೇ ಮುದ್ರೆಯಿರುತ್ತಿತ್ತು. ಅದು ಬಿದ್ದರೆ ನಳಿಗೆ ಪಾಸು. ಕಾರ್ಖಾನೆಯ ಹಳೆಯ ಪಟ್ಟಿಯಲ್ಲಿ ಬಾತುಕೋಳಿಯ ಎದುರು ಎವಾಲ್ಟ್ ಡ್ರೋಸ್ಟೆ ಎಂದಿತ್ತು. ಸತ್ತ ಐವರಲ್ಲಿ ಒಬ್ಬ ಆರ್ನೋ ಡ್ರೋಸ್ಟೆ. ಕುಲ್ಮನ್ ಮತ್ತೆ ತಮಾಷೆ ಮಾಡಲಿಲ್ಲ.

ಮಧ್ಯಾಹ್ನ ೩.೨೦ಕ್ಕೆ ಪೊಲೀಸರಿಬ್ಬರೂ ಎವಾಲ್ಟ್ ಡ್ರೋಸ್ಟೆಯ ಮನೆಗೆ ಹೋದರು. ಕಿಟಕಿಯ ಬಳಿ ಅರ ಸಿಕ್ಕಿತು. ಅದರ ಹಲ್ಲುಗಳಲ್ಲಿ ಉಕ್ಕಿನ ಪುಡಿ ಇನ್ನೂ ಹೊಳೆಯುತ್ತಿತ್ತು.

"ನೀವೇನಾ?"

"ನಾನೇ." ಮುದುಕ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ. "ಅವತ್ತು ಒಳಗೊಂದು ಸಣ್ಣ ಬಿರುಕು ಕಂಡಿತ್ತು. ದಿನಕ್ಕೆ ಇಷ್ಟು ಅಂತ ಕಳಿಸ್ಲೇಬೇಕಿತ್ತು. ಪರವಾಗಿಲ್ಲ ಅಂತ ಮುದ್ರೆ ಹೊಡೆದುಬಿಟ್ಟೆ. ಅದು ನನ್ನ ಮಗನ ಹತ್ರಾನೇ ಹೋಗಿತ್ತು ಅನ್ನೋದು ಗುರುವಾರ ಗಾಡಿಯಿಂದ ಇಳಿಸೋವಾಗ ಮುದ್ರೆ ನೋಡಿ ಗೊತ್ತಾಯ್ತು."

"ಅಳಿಸಿದ್ರೆ ಏನ್ ಬಂತು?"

"ನಾಳೆ ನನ್ನ ಹೆಂಡತಿ ಮಿನ್ನಾ ಅದರ ಮುಂದೆ ನಿಲ್ತಾಳೆ. ನಮ್ಮನೆ ಸೌಟಿನ ಮೇಲೂ ಅದೇ ಬಾತುಕೋಳಿ ಇದೆ, ನಾನೇ ಹೊಡೆದಿದ್ದು. ನೋಡಿದ ತಕ್ಷಣ ಗೊತ್ತಾಗಿಬಿಡುತ್ತೆ. ಜೈಲಿಗೆ ಬೇಕಾದ್ರೆ ಹಾಕಿ. ಕಾರಣ ಮಾತ್ರ ಬರೀಬೇಡಿ ಸಾಹೇಬ್ರೆ."

ಬಾಗಿಲು ತೆರೆಯಿತು. ಮಿನ್ನಾ ಗಂಡನ ಕೋಟು ಹಿಡಿದು ನಿಂತಿದ್ದಳು.

"ಮುಸುಕಿಗೆ ಅಳತೆ ತಗೊಂಡಿದ್ದು ನಾನೇ," ಎಂದಳು. "ಬಾತುಕೋಳೀನ ಗುರುವಾರವೇ ನೋಡ್ದೆ."

ಅವಳು ಗಂಡನತ್ತ ತಿರುಗಿದಳು.

"ನಿನ್ನೆ ಕೇಳಿದ್ರಲ್ಲ, ನಾಳೆ ಇಡೋ ಹೂಚಕ್ರ ಇಷ್ಟು ದೊಡ್ಡದ್ಯಾಕೆ ಅಂತ. ಆ ಜಾಗದ ಮೇಲೆ ಇಡೋಣ ಅಂತಿದ್ದೆ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ."

ಅವಳೇ ಅವನಿಗೆ ಕೋಟು ತೊಡಿಸಿ ಗುಂಡಿ ಹಾಕಿದಳು. ೩.೫೦ಕ್ಕೆ ದಸ್ತಗಿರಿಯಾಯಿತು. ಕೇಸ್ ಡೈರಿಯಲ್ಲಿ ವೆಸ್ಲಿಂಗ್ ಅಪರಾಧದ ಕಾರಣವನ್ನು ಹೀಗೆ ಬರೆದರು: ಹೆಂಡತಿಗೆ ನೋವಾಗದಿರಲೆಂದು.