ನೆಲದ ಮೇಲಿನ ದೋಣಿ

"ನೀವು ನದಿಯಲ್ಲಿ ನಿಂತಿದ್ದೀರಿ."

ಅವನು ತಲೆ ತಗ್ಗಿಸಿ ನೋಡಿದ. ಕಾಲಡಿ ಇದ್ದದ್ದು ಬಿಳಿ ಟೈಲ್ಸ್ ನೆಲ. ಅದರ ಮೇಲೆ ನೀಲಿ ಟೇಪಿನಲ್ಲಿ ದೋಣಿಯ ಆಕಾರವೊಂದನ್ನು ಅಂಟಿಸಲಾಗಿತ್ತು. ಅವನ ಶೂ ದೋಣಿಯ ಅಂಚನ್ನು ತುಳಿದು ಟೇಪನ್ನು ಕಿತ್ತುಹಾಕಿತ್ತು.

"ನನ್ನ ಕಾಲೇನೂ ಒದ್ದೆ ಆಗಿಲ್ವಲ್ಲ" ಎಂದ.

"ಇಲ್ಲಿ ಆಗಲ್ಲ. ಅಲ್ಲಿಗೆ ಹೋಗಿ ಹೀಗೇ ಕಾಲಿಟ್ರೆ ಸೊಂಟದವರೆಗೂ ಆಗುತ್ತೆ."

ಅವಳು ಮಂಡಿಯೂರಿ ಟೇಪನ್ನು ಮತ್ತೆ ಅಂಟಿಸತೊಡಗಿದಳು. ಅವನು ಪಕ್ಕಕ್ಕೂ ಸರಿಯಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. 'ಏನು ಕೊಬ್ಬು ಈ ಮನುಷ್ಯನಿಗೆ!' ಎಂದುಕೊಂಡಳು ಅವಳು. 'ಏನು ನಾಟಕ ಈ ಹುಡುಗಿಯದು' ಎಂದುಕೊಂಡ ಅವನು. ಒಂದು ತೊಟ್ಟು ನೀರೂ ಇಲ್ಲದ ನದಿಯ ನಡುವೆ ಇಬ್ಬರ ಜಗಳ ಶುರುವಾದದ್ದು ಹೀಗೆ.

ಅವಳ ಕೆಲಸವೇ ಅದು. ದುಬಾರಿ ಪ್ರವಾಸಗಳನ್ನು ಯೋಜಿಸುವ ಕಚೇರಿಯಲ್ಲಿ ಅವಳಷ್ಟು ಹಟಮಾರಿ ಇನ್ನೊಬ್ಬರಿರಲಿಲ್ಲ. ಯಾರನ್ನೇ ಆಗಲಿ, ತಾಲೀಮು ಮಾಡಿಸದೆ ಅವಳು ಎಲ್ಲಿಗೂ ಕಳಿಸುತ್ತಿರಲಿಲ್ಲ. ಗುಡಾರವಾದರೆ ಗುಡಾರ, ದೋಣಿಯಾದರೆ ದೋಣಿ, ಎಲ್ಲವನ್ನೂ ಅದೇ ಅಳತೆಗೆ ನೆಲದ ಮೇಲೆ ಟೇಪಿನಲ್ಲಿ ಬರೆದು ಗಿರಾಕಿಗಳನ್ನು ಅದರೊಳಗೆ ಕೂರಿಸುತ್ತಿದ್ದಳು. ಸಹೋದ್ಯೋಗಿಗಳು ನಗುತ್ತಿದ್ದರು. ನಕ್ಕರೆ ನಗಲಿ ಎಂದು ಅವಳು ಟೇಪಿನ ಇನ್ನೊಂದು ಸುರುಳಿ ತರಿಸುತ್ತಿದ್ದಳು.

ಈ ಸಲದ ಗಿರಾಕಿ ಅವನಲ್ಲ, ಅವನ ದೊಡ್ಡಮ್ಮ. ಅವನ ಬೆನ್ನ ಹಿಂದೆಯೇ ಒಳಗೆ ಬಂದ ಆಕೆ ನಿವೃತ್ತ ಹಲ್ಲಿನ ಡಾಕ್ಟರು. ಅವನನ್ನು ಸಾಕಿ ಬೆಳೆಸಿದ್ದೂ ಆಕೆಯೇ. ಆಕೆಯ ಕ್ಲಿನಿಕ್ಕಿನಲ್ಲಿ ರೋಗಿಗಳ ಕುರ್ಚಿಯೆದುರು ಒಂದು ಹಳೆಯ ಕ್ಯಾಲೆಂಡರ್ ಚಿತ್ರವಿತ್ತಂತೆ. ಬಡಗಣ ದೇಶದ ಕಾಡುನದಿಯಲ್ಲಿ ಸೊಂಟದ ಮಟ್ಟ ನಿಂತ ಹೆಂಗಸೊಬ್ಬಳು ಎರಡೂ ಕೈಯಲ್ಲಿ ಸಾಲ್ಮನ್ ಮೀನು ಹಿಡಿದು ನಗುವ ಚಿತ್ರ.

"ರೋಗಿಗಳ ನೋವು ಮರೆಸೋಕೆ ಅಂತ ಹಾಕಿದ್ದೆ ಕಣಮ್ಮ. ಕೊನೆಗೆ ಅದನ್ನ ನೋಡ್ತಾ ನೋಡ್ತಾ ಆಸೆ ಹುಟ್ಟಿದ್ದು ನನಗೆ. ಜೀವನಪೂರ್ತಿ ಜನರ ಬಾಯೊಳಗೇ ನೋಡಿದ್ದಾಯ್ತು" ಎಂದರು ಡಾಕ್ಟರಮ್ಮ. ಆಮೇಲೆ ಗದರುವ ದನಿಯಲ್ಲಿ ಒಂದು ಕಟ್ಟಪ್ಪಣೆ ಮಾಡಿದರು. "ಮಾತಾಡುವಾಗ ನನ್ನ ಮುಖ ನೋಡಿ ಮಾತಾಡಬೇಕು. ಕಂಪ್ಯೂಟರ್ ನೋಡ್ಕೊಂಡು ಮಾತಾಡೋರು ನನಗೆ ಆಗಲ್ಲ."

ಅವಳಿಗೆ ಆ ಗತ್ತು ಇಷ್ಟವಾಯಿತು. ದೊಡ್ಡಮ್ಮ ಬೆಲ್ಲ, ಮಗ ಮಾತ್ರ ಬೇವು ಎಂದು ಮನಸ್ಸಿನಲ್ಲೇ ಬರೆದುಕೊಂಡಳು.

ಮುಂದಿನ ವಾರಗಳಲ್ಲಿ ಬೇವು ಇನ್ನಷ್ಟು ಕಹಿಯಾಯಿತು. ಅವನು ಲಿಫ್ಟುಗಳ ಸುರಕ್ಷತೆ ಪರೀಕ್ಷಿಸುವ ಎಂಜಿನಿಯರ್. ಬೇಡ ಎನ್ನುವುದಕ್ಕೇ ಸಂಬಳ ಪಡೆಯುವವನು. ಆ ಅಭ್ಯಾಸವನ್ನು ಇಲ್ಲಿಗೂ ತಂದಿದ್ದ.

ನದಿಯ ತನಕ ರಸ್ತೆಯಿಲ್ಲ, ಜೌಗು ದಾಟಬೇಕು, ಹೆಲಿಕಾಪ್ಟರಿನಲ್ಲಿ ಹೋಗಬಹುದು ಎಂದಳು. ಬೇಡ, ಸದ್ದು ಎಂದ. ಮರದ ದಿಮ್ಮಿಯ ಮನೆಗಳು, ಒಬ್ಬೊಬ್ಬರಿಗೆ ಒಂದೊಂದು, ಕಿಟಕಿ ತೆರೆದರೆ ಬರ್ಚ್ ಮರಗಳು ಎಂದಳು. ಬೇಡ, ಒಂದೇ ಮನೆ ಸಾಕು ಎಂದ. ರಾತ್ರಿಯೂ ಕತ್ತಲಾಗದ ಆ ಬೇಸಿಗೆಯಲ್ಲಿ ನದಿದಂಡೆಯ ಊಟಕ್ಕೆ ಸಂಗೀತಗಾರರನ್ನು ಕರೆಸುವ ಏರ್ಪಾಡಿತ್ತು. ಅದೂ ಬೇಡವಾಯಿತು. ಹಾಸಿಗೆಯ ಕಂಬಳಿಯ ಬಣ್ಣವಂತೂ ಮೂರು ಸಲ ಬೇಡವಾಯಿತು. ಕೊನೆಗೆ ಅವಳು ತುಂಬ ಹೆಮ್ಮೆಪಟ್ಟಿದ್ದ ಸಂಗತಿಗೆ ಬಂದಳು. ಇಬ್ಬರಿಗೂ ಬೇರೆ ಬೇರೆ ದೋಣಿ, ಬೇರೆ ಬೇರೆ ಗೈಡ್.

"ಅದಂತೂ ಸಾಧ್ಯವೇ ಇಲ್ಲ" ಎಂದ.

"ಕಾರಣ?"

"ಸರಿಹೋಗಲ್ಲ."

ಕಾರಣ ಕೇಳಿದಾಗಲೆಲ್ಲ ಇದೇ ಉತ್ತರ. ಅದರ ಜೊತೆಗೆ ಅವನ ಬೆರಳುಗಳ ಕಾಟ. ಮೀಟಿಂಗ್ ಮುಗಿಯುವತನಕ ಮೇಜಿನ ಮೇಲೆ ಟಕ್, ಟಕ್ ಟಕ್. ಡಾಕ್ಟರಮ್ಮನ ಎಡಗಡೆ ಕೂತ ಅವಳು ಬಾಯಿ ತೆರೆದರೆ ಒಂದು ಟಕ್. ಬಲಗಡೆ ಕೂತ ಮ್ಯಾನೇಜರ್ ಮಾತಾಡಿದರೆ ಎರಡು. ಬೇಗ ಮುಗಿಸಿ ಎಂಬ ಉದ್ಧಟತನ ಅದು ಎಂದು ಅವಳ ಲೆಕ್ಕ. ಅವನಿಗೆ 'ಟಕ್‌ಟಕ್' ಎಂದೇ ಹೆಸರಿಟ್ಟಳು.

ಇಷ್ಟು ದ್ವೇಷವಿದ್ದ ಮೇಲೆ ಟಕ್‌ಟಕ್ ಬರುವ ದಿನ ಮಾತ್ರ ಅವಳು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ಏಕೆ? ಯುದ್ಧಕ್ಕೆ ಹೋಗುವವರು ಸಜ್ಜಾಗಬೇಡವೇ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದಳು. ದೊಡ್ಡಮ್ಮನ ಕೋಟಿನ ಕಾಲರನ್ನು ಅವನು ಸರಿಪಡಿಸುವ ರೀತಿ ನೋಡಿ ಒಮ್ಮೆ ಅವಳ ಮಾತು ಅರ್ಧಕ್ಕೇ ನಿಂತಿತ್ತು. ಆ ಸಿಟ್ಟನ್ನೂ ಅವನ ಮೇಲೆಯೇ ತೀರಿಸಿಕೊಂಡಳು.

ಅಷ್ಟರಲ್ಲಿ ನದಿಯ ಕಡೆಯಿಂದ ಸುದ್ದಿ ಬಂತು. ಈ ಬೇಸಿಗೆಗೆ ಒಂದೇ ವಾರ ಖಾಲಿ ಇದೆ, ಕೂಡಲೇ ಖಚಿತಪಡಿಸಬೇಕು. ಡಾಕ್ಟರಮ್ಮ ಅದನ್ನು ಪೂರ್ತಿ ಕೇಳಿದರು. ಆಮೇಲೆ ಹೇಳಿದರು, "ತಾಲೀಮಿನ ದಿನ ನೀವಿಬ್ಬರೂ ಒಪ್ಪಿದ್ರೆ ಹೋಗೋಣ. ಇಲ್ಲದಿದ್ರೆ ಈ ಆಸೆ ಇಲ್ಲಿಗೇ ಸಾಕು. ನಿಮ್ಮ ಜಗಳ ನೋಡೋ ವಯಸ್ಸಲ್ಲ ನಂದು." ಆ ಮುಖದಲ್ಲಿ ಅವಳು ಮೊದಲ ಬಾರಿಗೆ ದಣಿವನ್ನು ಕಂಡಳು. ಅವಳಿಗೆ ಸಂಕಟವಾಯಿತು.

ಆ ಸಂಕಟವೇ ಲಿಫ್ಟಿನ ಬಾಗಿಲ ಬಳಿ ಅವನ ಮೇಲೆ ಸಿಡಿಯಿತು.

"ಒಂದು ಮಾತು ಕೇಳ್ಲಾ? ಅವರ ದುಡ್ಡು ಅವರು ಖರ್ಚು ಮಾಡಿದ್ರೆ ನಾಳೆ ನಿಮ್ಮ ಪಾಲಿಗೆ ಕಡಿಮೆ ಆಗುತ್ತೆ ಅಂತನಾ ಇಷ್ಟೆಲ್ಲ ಅಡ್ಡಗಾಲು?"

ಅವನ ಮುಖ ಬಿಳಿಚಿಕೊಂಡಿತು.

"ಹಾಗಂತಲೇ ಇಟ್ಕೊಳ್ಳಿ. ನಿಮಗೆ ಬೇಕಾಗಿರೋದು ಬುಕಿಂಗ್ ತಾನೇ? ಮನುಷ್ಯರ ಉಸಾಬರಿ ನಿಮಗ್ಯಾಕೆ?"

ಲಿಫ್ಟಿನ ಬಾಗಿಲು ಮುಚ್ಚಿತು. ಅವಳು ಗೆದ್ದಿದ್ದಳು. ಆದರೂ ಕಣ್ಣು ತುಂಬಿ ಬಂತು... ಹಾಳಾದದ್ದು, ಅಳು ಯಾಕೆ ಬರಬೇಕು?

ತಾಲೀಮಿನ ದಿನ ಅವಳು ಹಟಕ್ಕೆ ಬಿದ್ದವಳಂತೆ ಎರಡು ದೋಣಿ ಅಂಟಿಸಿದಳು. ಒಂದು ಕಿಟಕಿಯ ಪಕ್ಕ, ಇನ್ನೊಂದು ಕೋಣೆಯ ಆ ತುದಿಯಲ್ಲಿ, ಗಾಜಿನ ಬಾಗಿಲ ಬಳಿ. ಅವನನ್ನು ಆ ತುದಿಗೆ ಕಳಿಸಿದಳು. ಅವನು ದೊಡ್ಡಮ್ಮನ ಕಡೆ ಒಮ್ಮೆ, ಇವಳ ಕಡೆ ಒಮ್ಮೆ ನೋಡಿ ಹೋಗಿ ಕೂತ. ಡಾಕ್ಟರಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತರು. ಕೈಯಲ್ಲಿ ನಿಜವಾದ ಮೀನು ಹಿಡಿಯುವ ಕೋಲು, ಕಾಲಿಗೆ ಮಂಡಿ ದಾಟುವ ರಬ್ಬರ್ ಬೂಟು. ಆಕೆಯ ಬೆನ್ನ ಹಿಂದಿನ ಸ್ಟೂಲಿನಲ್ಲಿ ಗೈಡಿನ ಜಾಗದಲ್ಲಿ ಅವಳು ಕೂತಳು.

"ಡಾಕ್ಟರಮ್ಮ, ಮೀನು ಕಚ್ಚಿದೆ. ಕೋಲು ಎತ್ತಿ" ಎಂದಳು.

ಡಾಕ್ಟರಮ್ಮ ಕಿಟಕಿ ನೋಡುತ್ತ ಮುಗುಳ್ನಗುತ್ತಿದ್ದರು.

"ಡಾಕ್ಟರಮ್ಮ, ಎತ್ತಿ. ತಪ್ಪಿಸ್ಕೊಳ್ಳುತ್ತೆ."

ಆ ನಗು ಹಾಗೆಯೇ ಇತ್ತು. ಕೋಲು ಅಲುಗಲಿಲ್ಲ. ಇನ್ನೂ ಜೋರಾಗಿ ಕರೆದಳು. ಆಕೆಯ ತಲೆಯ ಒಂದು ಕೂದಲೂ ಕದಲಲಿಲ್ಲ.

ಆ ತುದಿಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಅವನು ಎದ್ದು ನಿಂತಿದ್ದ. ಬೆರಳುಗಳು ಗಾಳಿಯಲ್ಲೇ ಏನನ್ನೋ ಬಡಿಯುತ್ತಿದ್ದವು. ಆದರೆ ಬಡಿಯಲು ಅಲ್ಲಿ ಮೇಜಿರಲಿಲ್ಲ. ಮೇಜನ್ನು ಅವಳೇ ಹೊರಗೆ ಹಾಕಿಸಿದ್ದಳು.

ಎಡಕ್ಕೆ ಒಂದು. ಬಲಕ್ಕೆ ಎರಡು. ಮುಖ ನೋಡಿ ಮಾತಾಡಿ. ಹೆಲಿಕಾಪ್ಟರಿನ ಸದ್ದು ಬೇಡ, ಸಂಗೀತ ಬೇಡ, ಬೇರೆ ದೋಣಿಯಂತೂ ಬೇಡವೇ ಬೇಡ... ಎಲ್ಲವೂ ಅವಳಿಗೆ ಒಟ್ಟಿಗೆ ಅರ್ಥವಾಯಿತು. ಲಿಫ್ಟಿನ ಬಳಿ ತಾನು ಆಡಿದ ಮಾತು ನೆನಪಾಗಿ ಮೈಯೆಲ್ಲ ಬಿಸಿಯಾಯಿತು. ನೆಲ ಬಾಯಿ ಬಿಡಬಾರದೇ ಎನಿಸಿತು.

ಅವನು ದೂರದಿಂದಲೇ ಅವಳನ್ನು ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ದಯವಿಟ್ಟು ಏನೂ ಕೇಳಬೇಡಿ ಎಂಬ ಬೇಡಿಕೆಯೊಂದೇ ಇತ್ತು.

ಅವಳು ಕೇಳಲಿಲ್ಲ. ಸ್ಟೂಲನ್ನು ಎತ್ತಿಕೊಂಡು ಬಳಸಿ ಹೋಗಿ ಡಾಕ್ಟರಮ್ಮನ ಎದುರಿಗೆ, ಮುಖಕ್ಕೆ ಬೆಳಕು ಬೀಳುವಂತೆ ಕೂತಳು.

"ಕ್ಷಮಿಸಿ ಡಾಕ್ಟರಮ್ಮ. ನಾನೇ ತಪ್ಪು ಜಾಗದಲ್ಲಿ ಕೂತಿದ್ದೆ. ನಾನು ನಿಮಗೆ ಗೊತ್ತುಮಾಡೋ ದೋಣೀಲಿ ಹುಟ್ಟು ಹಾಕೋರು ಹೀಗೆ ಎದುರಿಗೇ ಕೂರ್ತಾರೆ." ಆಮೇಲೆ ಅವನ ಕಡೆ ತಿರುಗಿದಳು. "ನೀವು ಅಲ್ಲೇನು ಮಾಡ್ತಿದ್ದೀರಿ? ಬನ್ನಿ, ಇರೋದು ಒಂದೇ ದೋಣಿ."

ಅವನು ಬಂದ. ಈ ಸಲ ಟೇಪನ್ನು ತುಳಿಯದೆ ಹುಷಾರಾಗಿ ಕಾಲೆತ್ತಿ ಒಳಗೆ ಇಟ್ಟ. ದಾರದ ತುದಿಯನ್ನು ಅವನ ಕೈಗೆ ಕೊಟ್ಟು, ನೀವೇ ಮೀನು, ಎಳೆಯಿರಿ ಎಂದಳು. ಡಾಕ್ಟರಮ್ಮ ಅವಳ ತುಟಿಯಿಂದ ಕಣ್ಣು ತೆಗೆಯದೆ, ಹೇಳಿದ ಕೂಡಲೇ ಕೋಲು ಎತ್ತಿದರು, ಸಡಿಲಿಸಿದರು, ಸುತ್ತಿದರು. ಲಿಫ್ಟ್ ಎಂಜಿನಿಯರ್ ನೆಲದ ಮೇಲೆ ಜಾರಿಕೊಂಡು ದೋಣಿಗೆ ಬಂದು ಸೇರಿದ.

"ಹಲ್ಲು ಚೆನ್ನಾಗಿದೆ ಮೀನಿಂದು" ಎಂದು ನಕ್ಕರು ಡಾಕ್ಟರಮ್ಮ. ಆ ನಗು ಕ್ಯಾಲೆಂಡರಿನ ಹೆಂಗಸಿನದಕ್ಕಿಂತ ಚೆನ್ನಾಗಿತ್ತು. ಆ ವಾರವನ್ನು ಅಲ್ಲಿಯೇ ಖಚಿತಪಡಿಸಲಾಯಿತು.

ಅವರು ಬೂಟು ಬಿಚ್ಚಿಡಲು ಹೊರಗೆ ಹೋದ ಮೇಲೆ ಇಬ್ಬರೂ ನೆಲದ ಮೇಲೆ ಕೂತು ಟೇಪು ಕೀಳತೊಡಗಿದರು.

"ನನಗೆ ಹೇಳಬಹುದಿತ್ತಲ್ಲ" ಎಂದಳು ಅವಳು.

"ದೊಡ್ಡಮ್ಮನಿಗೆ ಮಾತು ಕೊಟ್ಟಿದ್ದೆ. ಕಿವಿ ಕೇಳಲ್ಲ ಅಂತ ಗೊತ್ತಾದ ತಕ್ಷಣ ಜನ ಅವರನ್ನ ಬಿಟ್ಟು ನನ್ನ ಹತ್ರ ಮಾತಾಡೋಕೆ ಶುರು ಮಾಡ್ತಾರೆ. ಅವರು ಎದುರಿಗೇ ಕೂತಿದ್ರೂ. ಹೆಲಿಕಾಪ್ಟರ್, ಸಂಗೀತ ಇದ್ರೆ ಕಿರುಚಿ ಮಾತಾಡಬೇಕಾಗುತ್ತೆ, ಆಗ ಗುಟ್ಟು ಬಯಲಾಗುತ್ತೆ... ಅದಕ್ಕೇ ಬೇಡ ಅಂದೆ. ಮೇಜು ಅದುರಿದ್ರೆ ಯಾವ ಕಡೆ ತಿರುಗಿ ತುಟಿ ನೋಡಬೇಕು ಅಂತ ಅವರಿಗೆ ಗೊತ್ತಾಗುತ್ತೆ."

"ನಾನು ಆ ದಿನ ಆಡಿದ ಮಾತು... ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ. ಆದ್ರೆ ತಪ್ಪಾಯ್ತು. ನಿಜವಾಗ್ಲೂ ತಪ್ಪಾಯ್ತು."

ಅವನು ಟೇಪನ್ನು ಉಂಡೆ ಮಾಡುತ್ತ ಕೂತ. ಆಮೇಲೆ ಅಂದ, "ನಾನೂ ಪೂರ್ತಿ ಸಾಚಾ ಅಲ್ಲ. ಕಂಬಳಿಯ ಬಣ್ಣ ಬೇಡ ಅಂದಿದ್ದೆ, ನೆನಪಿದೆಯಾ?"

"ಮೂರು ಸಲ!"

"ಅದಕ್ಕೂ ದೊಡ್ಡಮ್ಮನ ಕಿವಿಗೂ ಸಂಬಂಧ ಇರಲಿಲ್ಲ. ಬೇಡ ಅಂದ್ರೆ ನೀವು ಇನ್ನೊಂದು ಮೀಟಿಂಗ್ ಕರೀತೀರಿ ಅಂತ..." ಅವನು ತಲೆ ತಗ್ಗಿಸಿ ಉಳಿದದ್ದನ್ನು ಟೇಪಿನ ಉಂಡೆಗೆ ಹೇಳಿದ.

ಅವಳಿಗೆ ಕೇಳಿಸಿತು. ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. ಒಂದು ಕಾಲಿನ ಬೂಟು ಬಿಚ್ಚಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಡಾಕ್ಟರಮ್ಮ ನಿಂತಿದ್ದರು.

"ಎಲ್ಲಾ ಕಾಣಿಸ್ತು. ಕೊನೇ ಮಾತು ಮಾತ್ರ ಇಲ್ಲ" ಎಂದರು. "ಹೇಳೋವಾಗ ತಲೆ ತಗ್ಗಿಸಿಬಿಟ್ಟೆ ಕಣೋ, ತುಟಿ ಕಾಣಲಿಲ್ಲ. ನನಗೆ ಕಿವಿ ಕೇಳಲ್ಲ ಅಂತ ಇವಳಿಗೆ ಗೊತ್ತಾಯ್ತಲ್ಲ, ಇನ್ನೇನು. ಮುಖ ಎತ್ತಿ ಇನ್ನೊಂದ್ಸಲ ಹೇಳು."

ಎಷ್ಟೋ ವರ್ಷ ಕಾಪಾಡಿದ ಗುಟ್ಟನ್ನು ಆಕೆ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ನೋಡಿ ಅವನು ಟೇಪಿನ ಉಂಡೆಯನ್ನು ಕೆಳಗಿಟ್ಟ. ಮುಖ ಎತ್ತಿದ. ಹೇಳಿದ್ದು ಮಾತ್ರ ದೊಡ್ಡಮ್ಮನಿಗಲ್ಲ.

"ಜಗಳ ಆಡೋಕಾದರೂ ಸರಿ, ದಿನಾ ನೀವು ಬೇಕು ಅನಿಸುತ್ತೆ ಅಂದೆ."

"ಸದ್ಯ, ಈಗ ಸರಿಯಾಗಿ ಕಾಣಿಸ್ತು" ಎಂದು ಡಾಕ್ಟರಮ್ಮ ಕುಂಟುತ್ತ ಹೊರಗೆ ಹೋಗಿ ಬಾಗಿಲಿಗೆ ಬೆನ್ನು ತಿರುಗಿಸಿ ಕೂತರು.

ಅವಳು ಅರ್ಧ ಕಿತ್ತ ದೋಣಿಯನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ನೆಲದ ಮೇಲೆ ಮೆಲ್ಲಗೆ ಒಂದು ಟಕ್ ಎಂದಿತು. ಒಂದೇ ಒಂದು.

ಅವಳು ಎಡಕ್ಕೆ ತಿರುಗಿದಳು.

"ದಿನಾ ಜಗಳ ಆದ್ರೆ ಸುಸ್ತಾಗುತ್ತೆ" ಎಂದಳು, ಅವನ ಕಣ್ಣನ್ನೇ ನೋಡುತ್ತ. "ಭಾನುವಾರ ರಜೆ ಇರಲಿ."

"ಬೇಡ" ಎಂದ ಅವನು. "ಸರಿಹೋಗಲ್ಲ."