ಕೈ ಏಳದ ತಿಂಗಳು

ಹೇಳಿದ ತಾರೀಕು ಎರಡು ಸಲ ದಾಟಿದ ಮೇಲೆ ದೀಪ್ತಿ ಜಗಳ ಆಡಲೆಂದೇ ಹೊರಟಿದ್ದಳು. ಮಲ್ಲೇಶ್ವರಂ ಎಂಟನೇ ಕ್ರಾಸಿನ ಓಣಿಯಲ್ಲಿದ್ದ ಟೈಲರ್ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದರೆ ಅನಿಲ್ ಕುಮಾರ್ ಮೆಷಿನ್ ಮುಂದೆ ಸುಮ್ಮನೆ ಕೂತಿದ್ದ. ಅವಳ ಮೂರು ಬ್ಲೌಸ್ ಪೀಸುಗಳೂ ಕೊಟ್ಟಾಗ ಮಡಚಿದ್ದ ಹಾಗೇ ಇದ್ದವು.

ಕಾಲೇಜಿನಲ್ಲಿ ಹುಡುಗರನ್ನು ಗದರುವ ದನಿಯಲ್ಲೇ ಕೇಳಿದಳು, ನಾಳಿದ್ದು ಚಿಕ್ಕಮ್ಮನ ಮಗಳ ಮದುವೆ, ನಾನು ಏನು ತೊಟ್ಟುಕೊಂಡು ಹೋಗಲಿ ಎಂದು. ಕರೆಂಟ್ ಇರಲಿಲ್ಲ, ಊರಿಗೆ ಹೋಗಿದ್ದೆ, ಇಂಥ ಯಾವ ನೆಪವನ್ನೂ ಅವನು ಹೇಳಲಿಲ್ಲ.

“ಕೈ ಏಳ್ತಿಲ್ಲ ಮೇಡಂ. ಬೆಳಗ್ಗೆ ಬಂದು ಕೂತ್ಕೋತೀನಿ. ಹಾಗೇ ಸಂಜೆ ಆಗ್ಬಿಡತ್ತೆ.”

ದೀಪ್ತಿ ಕೈಚೀಲ ಕೆಳಗಿಟ್ಟಳು. ಇದು ಅವಳದೇ ಮಾತು.

ಪ್ರತಿ ವರ್ಷ ಡಿಸೆಂಬರಿನಲ್ಲಿ ಬಿಸಿಲು ಸೋತ ಕೂಡಲೇ ಅವಳೊಳಗೂ ಏನೋ ಮಂಕಾಗುತ್ತಿತ್ತು. ಒಂಬತ್ತಾದರೂ ಹಾಸಿಗೆ ಬಿಡಲಾಗುತ್ತಿರಲಿಲ್ಲ. ತಲೆ ಬಾಚಲೂ ಬೇಸರ. ಕಾರಣ ಇದ್ದಿದ್ದರೆ ಹೇಳಿಕೊಳ್ಳಬಹುದಿತ್ತು, ಕಾರಣವೇ ಇರಲಿಲ್ಲ. ಗಂಡ ಮೊದಲ ವರ್ಷ ಸೋಮಾರಿ ಅಂದ, ಎರಡನೇ ವರ್ಷ ಹುಚ್ಚು ಅಂದ, ಮೂರನೇ ವರ್ಷ ಬಿಟ್ಟು ಹೋದ. ಆಮೇಲೆ ಡಾಕ್ಟರೊಬ್ಬರು ಚಿಕ್ಕ ಚಿಕ್ಕ ಕೆಲಸ ಹೇಳಿಕೊಟ್ಟರು. ಬೆಳಗ್ಗೆ ಎದ್ದು ಅರ್ಧ ಗಂಟೆ ಬಿಸಿಲಲ್ಲಿ ನಡೆಯುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಹತ್ತಕ್ಕೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಲಗುವುದು, ದಿನಕ್ಕೆ ಒಬ್ಬರ ಜೊತೆಯಾದರೂ ಮನಸ್ಸು ಬಿಚ್ಚಿ ಮಾತಾಡುವುದು. ಇಷ್ಟನ್ನು ಕಲಿಯಲು ಅವಳಿಗೆ ಒಂದು ಇಡೀ ಚಳಿಗಾಲ ಹಿಡಿದಿತ್ತು. ಕೊನೆಯದು ಮಾತ್ರ ಇನ್ನೂ ಆಗಿರಲಿಲ್ಲ.

“ನಾಳೆ ಬೆಳಗ್ಗೆ ಏಳೂವರೆಗೆ ಸ್ಯಾಂಕಿ ಕೆರೆ ಗೇಟ್ ಹತ್ರ ಬನ್ನಿ. ಬ್ಲೌಸ್ ವಿಷ್ಯ ಅಲ್ಲೇ ಮಾತಾಡೋಣ,” ಎಂದಳು.

ಅವನು ಬಂದ, ಬಹುಶಃ ಹೆದರಿಕೊಂಡೇ. ಗಡ್ಡ ಬೆಳೆದಿತ್ತು. ಸ್ವೆಟರಿನ ಗುಂಡಿಗಳು ಒಂದೊಂದು ತೂತು ಮೇಲಕ್ಕೆ ಸಿಕ್ಕಿಕೊಂಡು ಒಂದು ಬದಿ ಜೋತಾಡುತ್ತಿತ್ತು. ದೀಪ್ತಿ ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

“ಯಾವ ಟೈಲರ್ ಹತ್ರ ಹೊಲಿಸಿದ್ದು?” ಎಂದಳು.

ಅವನ ತುಟಿಯ ಒಂದು ತುದಿ ಮಾತ್ರ ಅಲುಗಿತು. ಆವತ್ತಿಗೆ ಅಷ್ಟೇ.

ಮದುವೆಗೆ ಅವಳು ಹಳೇ ಬ್ಲೌಸನ್ನೇ ತೊಟ್ಟುಕೊಂಡು ಹೋಗಿಬಂದಳು. ನಡಿಗೆ ನಿಲ್ಲಲಿಲ್ಲ. ಮೊದಲ ವಾರ ಅವನು ಹೂಂ, ಊಹೂಂ ಬಿಟ್ಟು ಮಾತಾಡಲಿಲ್ಲ. ಅವಳು ಸ್ಟೀಲ್ ಡಬ್ಬಿಯಲ್ಲಿ ಹೆಸರುಕಾಳಿನ ಉಸಲಿ ತರುತ್ತಿದ್ದಳು, ಅವನು ತಿಂದು ಮುಗಿಸುವವರೆಗೂ ಡಬ್ಬಿ ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಎರಡನೇ ವಾರ ಅವನೇ ಒಂದು ಪಪ್ಪಾಯ ಹೆಚ್ಚಿಕೊಂಡು ತಂದ. ಆಮೇಲೊಂದು ದಿನ ದಾರಿಯಲ್ಲಿ ಹೋಗುವವರ ಅಂಗಿಯ ಹೊಲಿಗೆಯಲ್ಲಿ ತಪ್ಪು ಹುಡುಕತೊಡಗಿದ. ದೀಪ್ತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಏಳೂವರೆ ಆಗುವುದನ್ನೇ ಕಾಯುತ್ತ ತಾನು ಐದಕ್ಕೇ ಎದ್ದು ಕೂರುತ್ತಿರುವುದು ಅವಳ ಗಮನಕ್ಕೆ ಬಂತು.

ಜನವರಿಯಲ್ಲಿ ಮೋಡ ಕವಿಯಿತು. ನಾಲ್ಕು ದಿನ ಸೂರ್ಯನೇ ಇಲ್ಲ, ಜಿಟಿಜಿಟಿ ಹನಿ. ಅನಿಲ್ ಬರಲಿಲ್ಲ. ಮೊದಲ ದಿನ ಮಳೆ ಅಂದುಕೊಂಡಳು. ಎರಡನೇ ದಿನ ಫೋನ್ ಸ್ವಿಚ್ ಆಫ್. ಮೂರನೇ ಬೆಳಗ್ಗೆ ಕಾಲೇಜಿಗೆ ರಜೆ ಹೇಳಿ ಓಣಿಗೆ ಹೋದಳು. ಶಟರ್ ಒಳಗಿನಿಂದ ಹಾಕಿತ್ತು. ಬಹಳ ಹೊತ್ತು ಬಡಿದ ಮೇಲೆ ಮೇಲಕ್ಕೆ ಸರಿಯಿತು.

ಅವನು ಸ್ನಾನ ಮಾಡಿ, ಉಂಡು ಎಷ್ಟು ದಿನವಾಗಿತ್ತೋ. ಕಣ್ಣು ಒಳಗೆ ಹೋಗಿದ್ದವು. ಅವಳು ಕಟಿಂಗ್ ಟೇಬಲ್ ಪಕ್ಕ ಕೂತಳು. ಅವನೂ ಕೂತ. ಅವನೇ ಶುರು ಮಾಡಿದ.

“ನಮ್ಮಪ್ಪ ದಾಸಪ್ಪ, ಇದೇ ಅಂಗಡೀಲಿ, ಇದೇ ತಿಂಗಳಲ್ಲಿ ಹೋದ್ರು. ಅವರಾಗೇ ಜೀವ ತೊಗೊಂಡ್ರು. ನಂಗಾಗ ಹತ್ತೊಂಬತ್ತು. ಮೊದ್ಲು ನೋಡಿದ್ದು ನಾನೇ.” ಟೇಬಲ್ ಮೇಲಿನ ಬಟ್ಟೆ ಚೂರನ್ನು ಮಡಚಿಟ್ಟ. “ನಿನ್ನೆ ನಂಗೂ ಸಾಕು ಅನ್ನಿಸ್ಬಿಡ್ತು ಮೇಡಂ.”

ಬಿಸಿಲು, ಉಸಲಿ, ನಡಿಗೆ ಇದಕ್ಕೆ ಸಾಲುವುದಿಲ್ಲ ಎಂದು ದೀಪ್ತಿಗೆ ತಿಳಿಯಿತು. ದನಿ ನಡುಗದಂತೆ ನೋಡಿಕೊಂಡು, ಹೇಳಿದ್ದು ಒಳ್ಳೇದಾಯ್ತು, ಮುಖ ತೊಳೆದುಕೊಳ್ಳಿ, ಈಗಲೇ ನನ್ನ ಡಾಕ್ಟರ ಹತ್ತಿರ ಹೋಗೋಣ ಎಂದಳು. ಅವನು ಮುಖ ತೊಳೆದು ಬರುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ಆಟೋದಲ್ಲಿ ಅವನ ಕೈ ಐಸಿನ ಹಾಗೆ ತಣ್ಣಗಿತ್ತು. ಅವಳು ಅದನ್ನು ಎರಡೂ ಕೈಗಳ ಮಧ್ಯೆ ಇಟ್ಟುಕೊಂಡಳು. ಅವನು ಬಿಡಿಸಿಕೊಳ್ಳಲೂ ಇಲ್ಲ, ಹಿಡಿಯಲೂ ಇಲ್ಲ.

“ಇದು ಪ್ರತಿ ವರ್ಷ ಬರತ್ತೆ. ಸುಮ್ನೆ ನನ್ ಜೊತೆ ಒದ್ದಾಡ್ತೀರ ನೀವು.”

“ನಂಗೂ ಪ್ರತಿ ವರ್ಷ ಬರತ್ತೆ. ಇಬ್ರಿಗೂ ಒಂದೇ ದಿನ ಬರದಿದ್ರೆ ಸಾಕು.”

ಮಾರ್ಗೋಸಾ ರಸ್ತೆ ದಾಟುವಾಗ ಅವನ ಬೆರಳುಗಳು ನಿಧಾನಕ್ಕೆ ಅವಳ ಬೆರಳುಗಳನ್ನು ಸುತ್ತಿಕೊಂಡವು.

ಕ್ಲಿನಿಕ್ಕಿನಲ್ಲಿ ನರ್ಸ್ ಫಾರಂ ತುಂಬಿಸಿಕೊಳ್ಳುತ್ತಿದ್ದರು. ಹೆಸರು, ವಯಸ್ಸು, ಎಷ್ಟು ದಿನದಿಂದ ನಿದ್ದೆ ಇಲ್ಲ. ಆಮೇಲೆ, ಜೊತೆಗೆ ಬಂದಿರುವವರು ಏನಾಗಬೇಕು ಎಂದು ಕೇಳಿದರು. ಅನಿಲ್ ನೆಲ ನೋಡುತ್ತ, ಪರಿಚಯದವರು ಎನ್ನಲು ಬಾಯಿ ತೆರೆದ.

“ಮನೆಯವರು ಅಂತ ಬರ್ಕೊಳಿ,” ಎಂದಳು ದೀಪ್ತಿ.

ನರ್ಸ್ ತಲೆ ಎತ್ತದೆ ಬರೆದುಕೊಂಡರು. ಅನಿಲ್ ತಿರುಗಿ ನೋಡಿದ. ಅವಳ ಕಿವಿ ಬಿಸಿಯಾಗಿತ್ತು, ಆದರೂ ಕಣ್ಣು ಇಳಿಸಲಿಲ್ಲ. ಅವನ ಕಣ್ಣು ತುಂಬಿಕೊಂಡು ಬಂದವು, ಒರೆಸಿಕೊಳ್ಳುವುದು ಅವನಿಗೆ ಹೊಳೆಯಲಿಲ್ಲ.

ಒಳಗಿನಿಂದ ಅವನ ಹೆಸರು ಕೂಗಿದರು. ಎದ್ದು ಎರಡು ಹೆಜ್ಜೆ ಹೋದವನು ನಿಂತ. ಅವಳ ಕಡೆ ಕೈ ಚಾಚಿದ.

“ನೀನೂ ಬಾ,” ಎಂದ. “ಒಬ್ಬನೇ ಹೇಳಕ್ಕಾಗಲ್ಲ ನಂಗೆ.”